ಒಂಬತ್ತನೇ ಟ್ರಿಕ್ ಎಲ್ಲಿಂದ? 36, 50 ಎರಡರಲ್ಲಿ ಮೊದಲು ಯಾವುದು?

ಪ್ರಶ್ನೆ: ಬ್ರಿಜ್ ಆಡಲು ಶುರು ಮಾಡಿ ಎರಡು ವರ್ಷವಾಯಿತು. ಕಳೆದ ವಾರ 3 ನೋ ಟ್ರಂಪ್ ಕಾಂಟ್ರ್ಯಾಕ್ಟ್‌ನಲ್ಲಿ (ತುರುಪಿಲ್ಲದೆ 13 ಟ್ರಿಕ್‌ಗಳಲ್ಲಿ, ಅಂದರೆ ಸುತ್ತುಗಳಲ್ಲಿ, ಒಂಬತ್ತು ಗೆಲ್ಲುವ ಪಣ) ನಾನೇ ಡಿಕ್ಲೇರರ್, ಅಂದರೆ ನಮ್ಮ ಎರಡೂ ಕೈ ಆಡಬೇಕಾದದ್ದು ನಾನೇ. ಎದುರಾಳಿಗಳು ಬಿಡ್ಡಿಂಗ್‌ನಲ್ಲಿ (ಪಣ ಕೂಗುವಾಗ) ಬಾಯಿ ಬಿಡಲಿಲ್ಲ. ಎಲೆಗಳು ಹೀಗಿದ್ದವು.

ಡಮ್ಮಿ (ಉತ್ತರ, ಮೇಜಿನ ಮೇಲೆ ತೆರೆದಿಟ್ಟ ಪಾರ್ಟ್ನರ್ ಕೈ)
ಸ್ಪೇಡ್: 7, 4
ಹಾರ್ಟ್: ಎಕ್ಕ, ರಾಜ, 5
ಡೈಮಂಡ್: 8, 6, 4, 3
ಕ್ಲಬ್: ರಾಜ, 8, 5, 2

ನನ್ನ ಕೈ (ದಕ್ಷಿಣ)
ಸ್ಪೇಡ್: ಎಕ್ಕ, 6, 3
ಹಾರ್ಟ್: ರಾಣಿ, 8, 4, 2
ಡೈಮಂಡ್: ಎಕ್ಕ, ರಾಣಿ, 7
ಕ್ಲಬ್: ಎಕ್ಕ, ರಾಣಿ, 6

ಪಶ್ಚಿಮದವರು ಸ್ಪೇಡ್ 5 ಲೀಡ್ ಮಾಡಿದರು, ಅಂದರೆ ಮೊದಲ ಎಲೆಯಾಗಿ ಆಡಿದರು. ಪೂರ್ವದವರು ರಾಣಿ ಹಾಕಿದರು, ನಾನು ಬಿಟ್ಟೆ. ಅವರು ಸ್ಪೇಡ್ 10 ಆಡಿದರು, ಅದನ್ನೂ ಬಿಟ್ಟೆ. ಆಗ ಪಶ್ಚಿಮದಿಂದ 2 ಬಂತು. ಮೂರನೇ ಸಲ ಪೂರ್ವದಿಂದ 8 ಬಂದಾಗ ಎಕ್ಕ ಹಾಕಿ ಹಿಡಿದೆ. ಡಮ್ಮಿಯಿಂದ ಡೈಮಂಡ್ 3 ಎಸೆದೆ. ಹಾರ್ಟ್ ಎಕ್ಕಕ್ಕೆ ಹೋಗಿ ಅಲ್ಲಿಂದ ಡೈಮಂಡ್ ಆಡಿ ರಾಣಿ ಹಾಕಿದೆ. ರಾಜ ಪಶ್ಚಿಮದಲ್ಲಿತ್ತು. ಅವರು ಉಳಿದಿದ್ದ ಎರಡು ಸ್ಪೇಡ್ ಎಳೆದುಕೊಂಡರು. ಒಂದು ಟ್ರಿಕ್ ಕಡಿಮೆಯಾಯಿತು. ಆಮೇಲೆ ನೋಡಿದರೆ ಎದುರಾಳಿಗಳ ಕ್ಲಬ್ 3-3 ಆಗಿ, ಒಬ್ಬೊಬ್ಬರಿಗೆ ಮೂರು, ಹಂಚಿತ್ತು. ಮೊದಲು ಕ್ಲಬ್ ಆಡಬೇಕಿತ್ತು ಅಂತ ಪಾರ್ಟ್ನರ್ ಹೇಳುತ್ತಾರೆ. ಆದರೆ 3-3 ಬರುವುದು ನೂರಕ್ಕೆ 36 ಸಲ, ಫಿನೆಸ್ (ರಾಜ ಪೂರ್ವದಲ್ಲಿದೆ ಅಂತ ನಂಬಿ ರಾಣಿಯಿಂದಲೇ ಗೆಲ್ಲಲು ನೋಡುವುದು) ಗೆಲ್ಲುವುದು 50 ಸಲ. ಜಾಸ್ತಿ ಇರುವುದನ್ನು ಆರಿಸಿದ್ದು ತಪ್ಪಾ? ಟೇಬಲ್‌ನಲ್ಲಿ ಕೂತಾಗ ಸರಿಯಾದ ಆಟ ಯಾವುದು ಅಂತ ಕಂಡುಹಿಡಿಯುವುದು ಹೇಗೆ?

ಉತ್ತರ: ನೀವು ಹೇಳಿದ ಅಂಕಿಗಳು ಸರಿಯಾಗಿವೆ. ಆರು ಎಲೆ ಹೊರಗಿದ್ದಾಗ ಅವು 3-3 ಆಗುವ ಸಾಧ್ಯತೆ ಶೇ. 35.5, ಒಂದು ಫಿನೆಸ್ ಶೇ. 50. ತಪ್ಪಾಗಿದ್ದು ನೀವು ನಿಮ್ಮನ್ನೇ ಕೇಳಿಕೊಂಡ ಪ್ರಶ್ನೆ. ‘ಇದಾ, ಅದಾ’ ಅಂತ ಕೇಳಿಕೊಂಡಿರಿ. ಈ ಕೈಯಲ್ಲಿ ಎರಡನ್ನೂ ಆಡಬಹುದಿತ್ತು. ಇನ್ನೊಂದು ದಾರಿಯೂ ಇತ್ತು, ಅದನ್ನು ನೀವು ಹೇಳಲೇ ಇಲ್ಲ. ಅದು ಹಾರ್ಟ್.

ಮೊದಲು ಟ್ರಿಕ್ ಎಣಿಸೋಣ. ಸ್ಪೇಡ್ 1, ಹಾರ್ಟ್ 3, ಡೈಮಂಡ್ 1, ಕ್ಲಬ್ 3. ಒಟ್ಟು 8. ಒಂದು ಬೇಕು. ಹಾರ್ಟ್‌ನಲ್ಲಿ ನಿಮ್ಮ ಎರಡೂ ಕೈ ಸೇರಿ ಏಳು ಎಲೆ ಇವೆ. ಹೊರಗಿನ ಆರು 3-3 ಆದರೆ ನಿಮ್ಮ ಕೈಯ ನಾಲ್ಕನೇ ಹಾರ್ಟ್ ಗೆಲ್ಲುತ್ತದೆ. ಕ್ಲಬ್‌ನಲ್ಲೂ ಇದೇ ಕಥೆ, ಅಲ್ಲಿ ಡಮ್ಮಿಯ ನಾಲ್ಕನೇ ಕ್ಲಬ್. ಮೂರನೆಯದು ಡೈಮಂಡ್ ಫಿನೆಸ್.

ಈಗ ಈ ಮೂರರ ನಡುವೆ ಒಂದು ವ್ಯತ್ಯಾಸ ನೋಡಿ. ಹಾರ್ಟ್‌ನ ಎಕ್ಕ, ರಾಜ, ರಾಣಿ ಹೇಗೂ ನಿಮ್ಮ ಟ್ರಿಕ್‌ಗಳೇ. ಈಗ ಆಡಿದರೂ ನಿಮ್ಮವು, ಆಮೇಲೆ ಆಡಿದರೂ ನಿಮ್ಮವು. ಅವನ್ನು ಮೊದಲು ಆಡಿ ನೋಡಿದರೆ 3-3 ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಆಗಿಲ್ಲದಿದ್ದರೂ ಸರದಿ ನಿಮ್ಮ ಕೈಯಲ್ಲೇ ಇರುತ್ತದೆ. ಕ್ಲಬ್ ಕೂಡ ಹಾಗೇ. ಡೈಮಂಡ್ ಫಿನೆಸ್ ಹಾಗಲ್ಲ. ಅದು ಸೋತರೆ ಸರದಿ ಪಶ್ಚಿಮಕ್ಕೆ ಹೋಗುತ್ತದೆ, ಅವರ ಬಳಿ ಎರಡು ಸ್ಪೇಡ್ ಕಾದು ಕೂತಿವೆ. ಇನ್ನು ಹಾರ್ಟ್, ಕ್ಲಬ್ ನೋಡುವ ಅವಕಾಶವೇ ಇಲ್ಲ. ಸೋತರೂ ಆಟ ಮುಂದುವರಿಯುವ ಪ್ರಯತ್ನ ಮೊದಲು, ಸೋತರೆ ಅಲ್ಲಿಗೇ ಮುಗಿಯುವ ಪ್ರಯತ್ನ ಕೊನೆಗೆ. ಡಿಕ್ಲೇರರ್ ಆಟದಲ್ಲಿ ನನಗೆ ಇದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದ ತಿಳಿವಳಿಕೆ ಇನ್ನೊಂದಿಲ್ಲ.

ಲೆಕ್ಕ ಹಾಕೋಣ. ಹಾರ್ಟ್ 3-3 ಆಗದೇ ಇರುವುದು ಶೇ. 64.5. ಕ್ಲಬ್ ಕೂಡ ಅಷ್ಟೇ. ಎರಡೂ ಕೈಕೊಡುವುದು ಸುಮಾರು ಶೇ. 42. ಅದರಲ್ಲಿ ಅರ್ಧ ಸಲ ಫಿನೆಸ್ ನಿಮ್ಮನ್ನು ಉಳಿಸುತ್ತದೆ. ಅಂದರೆ ಮೂರೂ ಸೋಲುವುದು ಶೇ. 21ರಷ್ಟು, ಗೆಲ್ಲುವುದು ಶೇ. 79ರಷ್ಟು. ಒಂದು ಸೂಟ್‌ನ ಹಂಚಿಕೆ ಇನ್ನೊಂದರ ಮೇಲೆ ಸ್ವಲ್ಪ ಪರಿಣಾಮ ಬೀರುತ್ತದೆ, ಹಾಗಾಗಿ ಇದು ಪಕ್ಕಾ ಅಂಕಿಯಲ್ಲ. ಆದರೆ ಟೇಬಲ್‌ನಲ್ಲಿ ದಶಮಾಂಶ ಬೇಕಿಲ್ಲ. 50 ಎಲ್ಲಿ, 80ರ ಹತ್ತಿರ ಎಲ್ಲಿ! ನೀವು 36ಕ್ಕಿಂತ 50 ದೊಡ್ಡದು ಅಂದುಕೊಂಡು 80 ಅನ್ನು ಬಿಟ್ಟುಕೊಟ್ಟಿರಿ. ನನಗೆ ನಿಜವಾಗಿ ಬೇಸರವಾದದ್ದು ಅದಕ್ಕೆ, ಕ್ಲಬ್ 3-3 ಇತ್ತು ಅನ್ನುವುದಕ್ಕಲ್ಲ. ಮೂರೂ ಕೈಕೊಟ್ಟು ಸೋತಿದ್ದರೂ ನೀವು ಸರಿಯಾಗಿ ಆಡಿದ್ದೀರಿ ಅಂತಲೇ ಹೇಳುತ್ತಿದ್ದೆ.

ಇನ್ನೊಂದು ವಿಷಯ. ನೀವೇ ಬರೆದಿದ್ದೀರಿ, ಆದರೆ ಅದರ ಬೆಲೆ ಗಮನಿಸಿಲ್ಲ. ಎರಡನೇ ಸುತ್ತಿನಲ್ಲಿ ಪಶ್ಚಿಮದಿಂದ ಸ್ಪೇಡ್ 2 ಬಂತು. ಲೀಡ್ ಆಗಿದ್ದು 5. ಅದು ಅವರ ಸ್ಪೇಡ್‌ಗಳಲ್ಲಿ ಮೇಲಿನಿಂದ ನಾಲ್ಕನೆಯದು ಅಂತ ತೆಗೆದುಕೊಂಡರೆ, ಬ್ರಿಜ್‌ನ 11ರ ಸೂತ್ರದಂತೆ 11ರಲ್ಲಿ 5 ಕಳೆದು 6 ಉಳಿಯುತ್ತದೆ. 5ಕ್ಕಿಂತ ದೊಡ್ಡ ಎಲೆಗಳು ಉಳಿದ ಮೂರು ಕೈಗಳಲ್ಲಿ ಆರು ಇರಬೇಕು. ಡಮ್ಮಿಯ 7, ನಿಮ್ಮ ಎಕ್ಕ ಮತ್ತು 6, ಪೂರ್ವದ ರಾಣಿ, 10, 8. ಸರಿಯಾಗಿ ಆರು. 5ಕ್ಕಿಂತ ಚಿಕ್ಕವುಗಳಲ್ಲಿ 4 ಡಮ್ಮಿಯಲ್ಲಿ, 3 ನಿಮ್ಮಲ್ಲಿ, 2 ಪಶ್ಚಿಮದಲ್ಲಿ. ಅಂದರೆ ಪಶ್ಚಿಮದವರಿಗೆ ಐದು ಸ್ಪೇಡ್, ಪೂರ್ವದವರಿಗೆ ಮೂರು. ಮೂರು ಸುತ್ತು ಆದ ಮೇಲೆ ಪೂರ್ವದಲ್ಲಿ ಒಂದೂ ಇಲ್ಲ. ಎರಡು ಸಲ ಬಿಟ್ಟು ಮೂರನೇ ಸಲ ಹಿಡಿದದ್ದು ತುಂಬಾ ಸರಿ. 7ರಲ್ಲಿ ನಿಮ್ಮಿಬ್ಬರ ಸ್ಪೇಡ್ ಸಂಖ್ಯೆ 5 ಕಳೆದರೆ 2. ಎರಡು ಸಲ ಬಿಡಿ ಅಂತ ಹಳೆಯ ಸೂತ್ರವೂ ಹೇಳುತ್ತದೆ. ಮೂರನೇ ಸ್ಪೇಡ್ ಮೇಲೆ ಡಮ್ಮಿಯಿಂದ ಡೈಮಂಡ್ ಎಸೆದದ್ದೂ ಸರಿ. ಅಲ್ಲಿ ಕ್ಲಬ್ ಎಸೆದಿದ್ದರೆ ಒಂದು ದಾರಿ ಅಲ್ಲೇ ಮುಚ್ಚಿಹೋಗುತ್ತಿತ್ತು.

ಈ 5-3 ಲೆಕ್ಕದಿಂದ ಡೈಮಂಡ್ ರಾಜನ ಬಗ್ಗೆಯೂ ಒಂದು ಸುಳಿವು ಸಿಗುತ್ತದೆ. ಪಶ್ಚಿಮದ 13 ಎಲೆಗಳಲ್ಲಿ ಐದು ಸ್ಪೇಡ್, ಉಳಿದ ಜಾಗ 8. ಪೂರ್ವದಲ್ಲಿ ಉಳಿದ ಜಾಗ 10. ರಾಜ ಆ 18 ಜಾಗಗಳಲ್ಲಿ ಒಂದರಲ್ಲಿ ಇದೆ. ಪೂರ್ವದಲ್ಲಿರುವ ಸಾಧ್ಯತೆ 18ರಲ್ಲಿ 10, ಅಂದರೆ ಶೇ. 56ರ ಹತ್ತಿರ. ನಿಮ್ಮ ಫಿನೆಸ್ ಗೆಲ್ಲುವುದು ರಾಜ ಪೂರ್ವದಲ್ಲಿದ್ದಾಗ. ಆದ್ದರಿಂದ ಅದು 50ಕ್ಕಿಂತ ಸ್ವಲ್ಪ ಚೆನ್ನಾಗಿಯೇ ಇತ್ತು. ಆದರೂ ಅದರ ಜಾಗ ಕೊನೆಯಲ್ಲೇ.

ಈಗ ಕೈ ಬದಲಿಸುವ ಕ್ರಮ. ಬಹಳ ಜನ ಇಲ್ಲಿ ಎಡವುತ್ತಾರೆ. ಸ್ಪೇಡ್ ಎಕ್ಕದಲ್ಲಿ ಗೆದ್ದಾಗ ಸರದಿ ನಿಮ್ಮ ಕೈಯಲ್ಲಿದೆ. ಫಿನೆಸ್ ಮಾತ್ರ ಡಮ್ಮಿಯಿಂದ ಶುರುವಾಗಬೇಕು. ಹಾಗಾಗಿ ಮೊದಲು ಹಾರ್ಟ್: ಎಕ್ಕ, ರಾಜ, ಆಮೇಲೆ 5 ಆಡಿ ರಾಣಿಗೆ ಬನ್ನಿ. 3-3 ಆದರೆ ನಾಲ್ಕನೇ ಹಾರ್ಟ್ ನಿಮ್ಮ ಕೈಯಲ್ಲೇ ಇದೆ, ಎಳೆದುಕೊಳ್ಳಿ. ಆಗದಿದ್ದರೆ ಕ್ಲಬ್ ಎಕ್ಕ, ರಾಣಿ, ಆಮೇಲೆ 6 ಆಡಿ ಡಮ್ಮಿಯ ರಾಜನಿಗೆ ಹೋಗಿ. 3-3 ಆದರೆ ಡಮ್ಮಿಯ 8 ಗೆಲ್ಲುತ್ತದೆ. ಆಗದಿದ್ದರೂ ನೀವು ಈಗ ಡಮ್ಮಿಯಲ್ಲೇ ಇದ್ದೀರಿ, ಫಿನೆಸ್‌ಗೆ ಬೇಕಾದ ಜಾಗದಲ್ಲಿ. ಇದನ್ನೇ ತಿರುಗಿಸಿ, ಮೊದಲು ಕ್ಲಬ್ ಆಡಿ, ಆಮೇಲೆ ಹಾರ್ಟ್ ಎಕ್ಕ, ರಾಜ, ರಾಣಿ ಅಂತ ಆಡಿದರೆ? ನಿಮ್ಮ ಕೈಯಲ್ಲೇ ಸಿಕ್ಕಿಕೊಳ್ಳುತ್ತೀರಿ. ಡಮ್ಮಿಗೆ ಹೋಗಲು ಎಲೆ ಉಳಿದಿರುವುದಿಲ್ಲ, ಫಿನೆಸ್ ಆಡುವ ಹಾಗೇ ಇಲ್ಲ. ಮೂರು ದಾರಿ ಇವೆ ಅಂತ ಗೊತ್ತಿದ್ದರೆ ಸಾಲದು. ಒಂದರಿಂದ ಇನ್ನೊಂದಕ್ಕೆ ದಾಟುವ ಸೇತುವೆಯನ್ನೂ ನೋಡಿಕೊಂಡಿರಬೇಕು. ಇದನ್ನು ಸ್ಪೇಡ್ ಎಕ್ಕ ಹಾಕುವ ಮೊದಲೇ ಯೋಚಿಸಿರಬೇಕು.

ಹೀಗೆ ಆಡುವುದರಿಂದ ಇನ್ನೊಂದು ಲಾಭವಿದೆ. ಹಾರ್ಟ್, ಕ್ಲಬ್ ಆಡುತ್ತಾ ಹೋದಂತೆ ಎದುರಾಳಿಗಳ ಕೈ ತೆರೆಯುತ್ತಾ ಹೋಗುತ್ತದೆ. ಪಶ್ಚಿಮದವರು ನಾಲ್ಕು ಹಾರ್ಟ್, ಎರಡು ಕ್ಲಬ್ ತೋರಿಸಿದರು ಅಂದುಕೊಳ್ಳಿ. ಐದು ಸ್ಪೇಡ್ ಸೇರಿದರೆ 11 ಎಲೆ ಆಯಿತು. ಅವರಿಗೆ ಉಳಿದದ್ದು ಎರಡು ಡೈಮಂಡ್, ಪೂರ್ವಕ್ಕೆ ನಾಲ್ಕು. ಈಗ ರಾಜ ಪೂರ್ವದಲ್ಲಿರುವ ಸಾಧ್ಯತೆ 6ರಲ್ಲಿ 4. ಪಶ್ಚಿಮದವರ ಬಳಿ ಹಾರ್ಟ್ ನಾಲ್ಕು, ಕ್ಲಬ್ ನಾಲ್ಕು ಕಂಡರೆ ಇನ್ನೂ ಚೆನ್ನ: ಅವರ ಬಳಿ ಡೈಮಂಡ್ ಒಂದೂ ಇಲ್ಲ, ಫಿನೆಸ್ ಸೋಲುವುದೇ ಇಲ್ಲ. ಉಲ್ಟಾನೂ ಆಗಬಹುದು. ಅವರ ಬಳಿ ಎರಡು ಹಾರ್ಟ್, ಎರಡು ಕ್ಲಬ್ ಮಾತ್ರ ಇದ್ದರೆ ಡೈಮಂಡ್ ನಾಲ್ಕು, ಆಗ ಫಿನೆಸ್ 6ರಲ್ಲಿ 2 ಸಲ ಮಾತ್ರ ಗೆಲ್ಲುತ್ತದೆ. ಈ ಕೈಯಲ್ಲಿ ಆಗಲೂ ಬೇರೆ ದಾರಿಯಿಲ್ಲ, ಆಡಲೇಬೇಕು. ಆದರೆ ರಾಣಿಯನ್ನು ಎರಡೂ ಕಡೆಯಿಂದ ಹಿಡಿಯಬಹುದಾದ ಕೈಗಳು ಬರುತ್ತವಲ್ಲ, ಅಲ್ಲಿ ಈ ಎಣಿಕೆಯೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಅನುಮಾನವಿರುವ ಸೂಟ್ ಅನ್ನು ಆದಷ್ಟು ತಡವಾಗಿ ಮುಟ್ಟಿ ಅಂತ ಅನುಭವಿಗಳು ಹೇಳುವುದು ಅದಕ್ಕೇ.

ಟೇಬಲ್‌ನಲ್ಲಿ ಲೆಕ್ಕ ಹಾಕುವುದು ಹೇಗೆ ಅಂತ ಕೇಳಿದ್ದೀರಿ. ನೆನಪಿಟ್ಟುಕೊಳ್ಳಬೇಕಾದ ಅಂಕಿಗಳು ಬಹಳ ಕಡಿಮೆ. ಹೊರಗೆ 4 ಎಲೆ ಇದ್ದರೆ 3-1 ಶೇ. 50ರಷ್ಟು, 2-2 ಶೇ. 41. 5 ಎಲೆ ಇದ್ದರೆ 3-2 ಶೇ. 68, 4-1 ಶೇ. 28. 6 ಎಲೆ ಇದ್ದರೆ 4-2 ಶೇ. 48, 3-3 ಶೇ. 36. ಹೊರಗಿರುವ ಎಲೆಗಳು ಬೆಸ ಸಂಖ್ಯೆಯಾದರೆ ಆದಷ್ಟು ಸಮನಾಗಿ ಹಂಚಿಹೋಗುತ್ತವೆ. ಸರಿ ಸಂಖ್ಯೆಯಾದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ. ಎರಡೇ ಎಲೆ ಹೊರಗಿದ್ದಾಗ ಮಾತ್ರ 1-1 ಆಗುವುದು ಶೇ. 52, ಕೂದಲೆಳೆಯಷ್ಟು ಮುಂದೆ. ಇಷ್ಟು ಬಾಯಿಗೆ ಬಂದರೆ ಸಾಕು. ನಾನು ಇಷ್ಟು ವರ್ಷ ಆಡಿದ್ದೇನೆ, ಇದಕ್ಕಿಂತ ಹೆಚ್ಚಿನ ಅಂಕಿ ಬೇಕಾದದ್ದು ಅಪರೂಪ.

ಅಂಕಿಗಳಿಗಿಂತ ಜಾಸ್ತಿ ಕೆಲಸಕ್ಕೆ ಬರುವುದು ಎದುರಾಳಿಗಳು ಹೇಳಿದ್ದು, ಹೇಳದೇ ಬಿಟ್ಟದ್ದು. ಇದಕ್ಕೆ ನನ್ನದೇ ಒಂದು ಸೋಲನ್ನು ಹೇಳುತ್ತೇನೆ, ಇವತ್ತಿಗೂ ಮರೆತಿಲ್ಲ. ಕಾಂಟ್ರ್ಯಾಕ್ಟ್ 4 ಸ್ಪೇಡ್ (ಸ್ಪೇಡ್ ತುರುಪು, 10 ಟ್ರಿಕ್ ಬೇಕು). ತುರುಪು ನನ್ನ ಕೈಯಲ್ಲಿ ಎಕ್ಕ, ಗುಲಾಮ, 9, 5, 3. ಡಮ್ಮಿಯಲ್ಲಿ ರಾಜ, 10, 6, 4. ಒಂಬತ್ತು ಎಲೆ, ರಾಣಿ ಮಾತ್ರ ಇಲ್ಲ. ಎಂಟು ಎಲೆ ಇದ್ದರೆ ರಾಣಿಗೆ ಫಿನೆಸ್ ಮಾಡು, ಒಂಬತ್ತಿದ್ದರೆ ಮೇಲಿನೆರಡನ್ನೂ ಎಳೆ, ರಾಣಿ ಬೀಳುತ್ತೆ ಅಂತ ಎಲ್ಲರೂ ಕಲಿಯುತ್ತೇವಲ್ಲ. ಎಲೆ ಹಂಚಿದ್ದು ಪಶ್ಚಿಮದವರು. ಮೊದಲು ಮಾತಾಡುವ ಸರದಿ ಅವರದು, ಅವರು ಪಾಸ್ ಹೇಳಿದ್ದರು. ಆಟ ಶುರುವಾದಾಗ ಅವರು ಹಾರ್ಟ್ ರಾಜ, ಎಕ್ಕ, ಆಮೇಲೆ ಡೈಮಂಡ್ ಎಕ್ಕ ಗೆದ್ದರು. ಮೂರು ಟ್ರಿಕ್ ಹೋಯಿತು. ಉಳಿದದ್ದೆಲ್ಲ ನನಗೆ ಬೇಕು. ತುರುಪು ರಾಜ ಎಳೆದೆ, ಇಬ್ಬರೂ ಚಿಕ್ಕ ಎಲೆ ಹಾಕಿದರು. ಎರಡನೇ ತುರುಪು ಡಮ್ಮಿಯಿಂದ ಆಡಿದೆ. ಪೂರ್ವದಿಂದ ಮತ್ತೆ ಚಿಕ್ಕದು. ಸೂತ್ರ ನೆನೆಸಿಕೊಂಡು ಎಕ್ಕ ಹಾಕಿದೆ. ಪಶ್ಚಿಮದಲ್ಲಿ ತುರುಪು ಮುಗಿದಿತ್ತು. ರಾಣಿ ಪೂರ್ವದಲ್ಲೇ ಕೂತಿತ್ತು.

ಪಶ್ಚಿಮದವರು ಆಗಲೇ 11 ಪಾಯಿಂಟ್ (ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2) ತೋರಿಸಿದ್ದರು: ಹಾರ್ಟ್‌ನಲ್ಲಿ 7, ಡೈಮಂಡ್‌ನಲ್ಲಿ 4. ಸ್ಪೇಡ್ ರಾಣಿಯೂ ಅವರ ಬಳಿ ಇದ್ದಿದ್ದರೆ 13 ಆಗುತ್ತಿತ್ತು. 13 ಪಾಯಿಂಟ್ ಇಟ್ಟುಕೊಂಡು ಯಾರೂ ಪಾಸ್ ಹೇಳುವುದಿಲ್ಲ. ರಾಣಿ ಪೂರ್ವದಲ್ಲಿದೆ ಅಂತ ಅವರ ಪಾಸ್ ನನಗೆ ಕೂಗಿ ಹೇಳುತ್ತಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ಡಮ್ಮಿಯಿಂದ ಚಿಕ್ಕದು ಆಡಿ ಗುಲಾಮ ಹಾಕಿದ್ದರೆ ಸಾಕಿತ್ತು. ಇಲ್ಲಿ ತಿಳಿಯಬೇಕಾದ ಅಂಕಿ ಒಂದಿದೆ. ಒಂಬತ್ತು ಎಲೆ ಇದ್ದಾಗ ಎಕ್ಕ, ರಾಜ ಎಳೆಯುವ ಆಟ ಸುಮಾರು ಶೇ. 58 ಗೆಲ್ಲುತ್ತದೆ. ಒಂದು ಸುತ್ತು ಎಳೆದು ಫಿನೆಸ್ ಮಾಡಿದರೆ ಸುಮಾರು ಶೇ. 56. ವ್ಯತ್ಯಾಸ ಎರಡೇ ಎರಡು. ಇಷ್ಟು ಚಿಕ್ಕ ಅಂತರದ ಮೇಲೆ ನಿಂತ ಸೂತ್ರ, ಯಾವುದೇ ಒಂದು ಸುಳಿವು ಸಿಕ್ಕರೂ ಮಗುಚಿಕೊಳ್ಳುತ್ತದೆ. ಪಶ್ಚಿಮದವರು ಏಳು ಎಲೆಯ ಸೂಟ್ ಇಟ್ಟುಕೊಂಡು 3ರ ಮಟ್ಟದಲ್ಲಿ ಬಿಡ್ ಶುರು ಮಾಡಿದ್ದರೂ ಹಾಗೇ. ಬೇರೆ ಸೂಟ್‌ಗಳಿಗೆ ಅವರ ಬಳಿ ಜಾಗವೇ ಕಮ್ಮಿ. ರಾಣಿಯನ್ನು ಪೂರ್ವದಲ್ಲಿ ಹುಡುಕಿ.

ಇನ್ನೊಂದು ಸಂದರ್ಭ ಮೊದಲ ಸಲ ಕೇಳಿದಾಗ ನಂಬುವುದು ಕಷ್ಟ. ತುರುಪು ನಿಮ್ಮ ಕೈಯಲ್ಲಿ ರಾಜ, 7, 6, 2. ಡಮ್ಮಿಯಲ್ಲಿ ಎಕ್ಕ, 10, 9, 5, 4. ಹೊರಗೆ ರಾಣಿ, ಗುಲಾಮ, 8, 3. ರಾಜ ಎಳೆದಿರಿ. ಪಶ್ಚಿಮ 3, ಪೂರ್ವ ರಾಣಿ. ಮತ್ತೆ ಚಿಕ್ಕದು ಆಡಿದಿರಿ, ಪಶ್ಚಿಮ 8 ಹಾಕಿದರು. ಎಕ್ಕ ಹಾಕಬೇಕಾ, 10 ಹಾಕಬೇಕಾ? ಪೂರ್ವದಲ್ಲಿ ರಾಣಿ ಒಂದೇ ಇತ್ತಾ, ರಾಣಿ-ಗುಲಾಮ ಎರಡೂ ಇದ್ದವಾ? ಮೇಲ್ನೋಟಕ್ಕೆ ಸಮ-ಸಮ ಅನ್ನಿಸುತ್ತದೆ. ಆದರೆ ಹೀಗೆ ಯೋಚಿಸಿ. ಎರಡೂ ಇದ್ದಿದ್ದರೆ ಅವರು ಅರ್ಧ ಸಲ ಗುಲಾಮ ಹಾಕುತ್ತಿದ್ದರು, ಅರ್ಧ ಸಲ ರಾಣಿ. ಒಂದೇ ಇದ್ದರೆ ಬೇರೆ ಗತಿಯಿಲ್ಲ, ರಾಣಿಯನ್ನೇ ಹಾಕಬೇಕು. ಹಾಗಾಗಿ ರಾಣಿ ಕಂಡಾಗ ಅದು ಒಂಟಿಯಾಗಿತ್ತು ಅನ್ನುವುದೇ ಹೆಚ್ಚು ಸಂಭವ, ಸುಮಾರು ಶೇ. 65. ಡಮ್ಮಿಯಿಂದ 10 ಹಾಕಿ. ಮೂರರಲ್ಲಿ ಒಂದು ಸಲ ಸೋಲುತ್ತೀರಿ. ಆಗ ಬೇಜಾರಾಗುತ್ತದೆ, ಆದರೂ ಮುಂದಿನ ಸಲವೂ 10 ಹಾಕಿ.

ಇದುವರೆಗೆ ಟ್ರಿಕ್ ಹೆಚ್ಚಿಸಿಕೊಳ್ಳುವ ಮಾತಾಯಿತು. ಕೆಲವು ಸಲ ಒಂದು ಟ್ರಿಕ್ ಕೈಯಾರೆ ಕೊಟ್ಟುಬಿಡುವುದೇ ಉತ್ತಮ ಆಟ. 6 ಸ್ಪೇಡ್ (12 ಟ್ರಿಕ್ ಬೇಕಾದ ಸ್ಲ್ಯಾಮ್) ಆಡುತ್ತಿದ್ದೀರಿ, ಬೇರೆ ಸೂಟ್‌ಗಳಲ್ಲಿ ಏನೂ ಹೋಗುವುದಿಲ್ಲ. ತುರುಪು ನಿಮ್ಮ ಕೈಯಲ್ಲಿ ಎಕ್ಕ, 9, 6, 4, 2. ಡಮ್ಮಿಯಲ್ಲಿ ರಾಜ, 10, 7, 3. ಹೊರಗೆ ರಾಣಿ, ಗುಲಾಮ, 8, 5. ಒಂದು ತುರುಪು ಹೋದರೂ ಸ್ಲ್ಯಾಮ್ ಆಗುತ್ತದೆ, ಎರಡು ಹೋಗಬಾರದು. ಎಕ್ಕ ಎಳೆದಿರಿ ಅನ್ನಿ. ಪೂರ್ವದಲ್ಲಿ ನಾಲ್ಕೂ ತುರುಪು ಕೂತಿದ್ದರೆ ಎರಡು ಟ್ರಿಕ್ ಹೋಯಿತು, ಇನ್ನೇನೂ ಮಾಡಲಾಗದು. ಅದರ ಬದಲು ಕೈಯಿಂದ 2 ಆಡಿ. ಪಶ್ಚಿಮದವರು ಚಿಕ್ಕದು ಹಾಕಿದರೆ ಡಮ್ಮಿಯಿಂದ 10 ಹಾಕಿ. ಅದು ಸೋತರೂ ಹೊರಗೆ ಇನ್ನು ಎರಡೇ ತುರುಪು, ಎಕ್ಕ ಮತ್ತು ರಾಜ ಅವನ್ನು ಮುಗಿಸುತ್ತವೆ. ಪೂರ್ವದಲ್ಲಿ ತುರುಪೇ ಇಲ್ಲದಿದ್ದರೆ 10 ಗೆಲ್ಲುತ್ತದೆ, ಹೋಗುವುದು ಒಂದೇ. ಪಶ್ಚಿಮದಲ್ಲಿ ತುರುಪೇ ಇಲ್ಲದಿದ್ದರೆ ರಾಜ ಹಾಕಿ, ಡಮ್ಮಿಯಿಂದ ನಿಮ್ಮ ಎಕ್ಕ-9ರ ಕಡೆಗೆ ಆಡಿ. ಆಗಲೂ ಒಂದೇ. ಎಲೆ ಹೇಗೇ ಹಂಚಿರಲಿ, ಸ್ಲ್ಯಾಮ್ ಭದ್ರ.

ಇದರಲ್ಲಿ ನಷ್ಟವೂ ಇದೆ. ತುರುಪು 2-2 ಆಗಿದ್ದರೆ ಎಕ್ಕ, ರಾಜ ಎಳೆದು ಒಂದು ಟ್ರಿಕ್ ಹೆಚ್ಚು ಮಾಡಬಹುದಿತ್ತು. ಅದು ಕೈತಪ್ಪುತ್ತದೆ. ಕೊಟ್ಟದ್ದು ಸರಿಯಾ? ಅದು ಸ್ಕೋರಿಂಗ್ ಹೇಗೆ ಅನ್ನುವುದರ ಮೇಲೆ ನಿಂತಿದೆ. ಐಎಂಪಿ ಲೆಕ್ಕದಲ್ಲಿ (ಎರಡು ಟೇಬಲ್‌ಗಳ ಸ್ಕೋರ್ ಅಂತರವನ್ನು ಚಿಕ್ಕ ಅಂಕಗಳಾಗಿ ಬದಲಿಸುವ ಪದ್ಧತಿ) ಆಡುತ್ತಿದ್ದೀರಿ, ನೀವು ವಲ್ನರಬಲ್ (ಬಹುಮಾನ, ದಂಡ ಎರಡೂ ಹೆಚ್ಚಿರುವ ಸ್ಥಿತಿ) ಅಂತ ಇಟ್ಟುಕೊಳ್ಳೋಣ. 6 ಸ್ಪೇಡ್ ಮಾಡಿದರೆ 1430, ಒಂದು ಕಡಿಮೆಯಾದರೆ 100 ಎದುರಾಳಿಗೆ. ಅಂತರ 1530, ಅಂದರೆ 17 ಐಎಂಪಿ. ಹೆಚ್ಚಿನ ಒಂದು ಟ್ರಿಕ್‌ಗೆ ಸಿಗುವುದು 30, ಅಂದರೆ 1 ಐಎಂಪಿ. ನಾಲ್ಕೂ ತುರುಪು ಪೂರ್ವದಲ್ಲಿರುವುದು ನೂರಕ್ಕೆ ಹತ್ತಿರ ಹತ್ತಿರ 5 ಸಲ. 5 ಗುಣಿಸು 17, 85 ಐಎಂಪಿ ಉಳಿತಾಯ. ನೂರರಲ್ಲಿ 50 ಸಲ ಹೆಚ್ಚಿನ ಟ್ರಿಕ್ ಕಳೆದುಕೊಂಡಿರಿ ಅಂತಲೇ ಇಟ್ಟುಕೊಳ್ಳಿ, ಹೋಗುವುದು 50 ಐಎಂಪಿ. ಸುಮ್ನೆ ಹೆದರಿಕೊಂಡು ಆಡುವ ಆಟವಲ್ಲ ಇದು, ಲೆಕ್ಕ ಹಾಕಿ ಕೊಟ್ಟ ಬೆಲೆ. ಮ್ಯಾಚ್‌ಪಾಯಿಂಟ್ ಲೆಕ್ಕದಲ್ಲಿ (ಅದೇ ಎಲೆ ಆಡಿದ ಬೇರೆ ಜೋಡಿಗಳಿಗಿಂತ ಹೆಚ್ಚೋ ಕಡಿಮೆಯೋ ಅಂತ ಮಾತ್ರ ನೋಡುವ ಪದ್ಧತಿ) ಪೇರ್ಸ್ ಆಡುವಾಗ ಮಾತು ಬೇರೆ. ಅಲ್ಲಿ ಆ 30 ಕೂಡ ಒಂದು ಇಡೀ ಟೇಬಲ್ ಅನ್ನು ಗೆಲ್ಲಿಸಬಹುದು. ಎಲ್ಲರೂ ಸುಲಭವಾಗಿ ತಲುಪುವ ಸ್ಲ್ಯಾಮ್ ಆಗಿದ್ದರೆ ಅಲ್ಲಿ ನಾನು ಎಕ್ಕ ಎಳೆಯುತ್ತೇನೆ. ನಿಮ್ಮ 3 ನೋ ಟ್ರಂಪ್‌ನಲ್ಲಿ ಈ ಗೊಂದಲವಿಲ್ಲ. ಹಾರ್ಟ್, ಕ್ಲಬ್ ಎಳೆದು ಮೂರೂ ದಾರಿ ಸೋತರೆ ಒಂದರ ಬದಲು ಎರಡು ಟ್ರಿಕ್ ಕಡಿಮೆಯಾಗಬಹುದು, ನಿಜ. ಆದರೆ ಗೆಲ್ಲುವ ಸಾಧ್ಯತೆಯಲ್ಲಿ ಅಷ್ಟು ದೊಡ್ಡ ಅಂತರವಿರುವಾಗ ಯಾವ ಸ್ಕೋರಿಂಗ್ ಆದರೂ ಉತ್ತರ ಒಂದೇ.

ಊಹೆಯನ್ನೇ ಬಿಟ್ಟುಬಿಡುವ ಕೈಗಳೂ ಇವೆ, ಅವು ನನಗೆ ಎಲ್ಲಕ್ಕಿಂತ ಇಷ್ಟ. ಡಮ್ಮಿಯಲ್ಲಿ ಡೈಮಂಡ್ ರಾಜ, ಗುಲಾಮ, 4. ಕೈಯಲ್ಲಿ ಎಕ್ಕ, 10, 3. ರಾಣಿ ಯಾವ ಕಡೆ? ನೀವೇ ಆಡಿದರೆ ಊಹೆ. ಎದುರಾಳಿಗಳು ಆಡಿದರೆ ಊಹೆಯೇ ಇಲ್ಲ, ಮೂರೂ ಟ್ರಿಕ್ ನಿಮ್ಮವು. ಅವರ ಕೈಯಿಂದ ಆಡಿಸುವುದು ಹೇಗೆ? ತುರುಪು ಮುಗಿಸಿ, ಇನ್ನೊಂದು ಸೂಟ್ ಅನ್ನು ಎರಡೂ ಕೈಗಳಿಂದ ಖಾಲಿ ಮಾಡಿ, ಹೇಗೂ ಸೋಲಬೇಕಾದ ಕೊನೆಯ ಕ್ಲಬ್ ಅನ್ನು ಅವರಿಗೆ ಕೊಡಿ. ನಿಮ್ಮ ಎರಡೂ ಕೈಗಳಲ್ಲಿ ಒಂದೊಂದು ತುರುಪು ಉಳಿದಿರಲಿ. ಈಗ ಅವರು ಡೈಮಂಡ್ ಆಡಿದರೆ ರಾಣಿ ಸಿಕ್ಕಿಬೀಳುತ್ತದೆ. ಬೇರೆ ಏನು ಆಡಿದರೂ ನೀವು ಒಂದು ಕಡೆ ತುರುಪು ಹಾಕಿ ಇನ್ನೊಂದು ಕಡೆ ಡೈಮಂಡ್ ಎಸೆಯುತ್ತೀರಿ. 50 ಇದ್ದದ್ದು 100 ಆಯಿತು. ಆದ್ದರಿಂದ ಫಿನೆಸ್ ಕಂಡ ತಕ್ಷಣ ಕೈ ಹಾಕಬೇಡಿ. ಇದನ್ನು ಅವರ ಕೈಯಿಂದ ಆಡಿಸಬಹುದಾ ಅಂತ ಒಮ್ಮೆ ಕೇಳಿಕೊಳ್ಳಿ.

ಇದೆಲ್ಲ ಯೋಚಿಸಲು ಸಮಯ ಯಾವಾಗ? ಡಮ್ಮಿ ಮೇಜಿನ ಮೇಲೆ ಬಂದಾಗ, ಮೊದಲ ಎಲೆ ಹಾಕುವ ಮುಂಚೆ. ಅಲ್ಲಿ ಅರ್ಧ ನಿಮಿಷ ಕೂತರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಟ್ರಿಕ್ ಎಣಿಸಿ. ಎಷ್ಟು ಕಡಿಮೆ? ಎಲ್ಲೆಲ್ಲಿಂದ ಬರಬಹುದು? ಪ್ರತಿಯೊಂದರಲ್ಲೂ ಸೋತರೆ ಸರದಿ ಯಾರ ಕೈಗೆ ಹೋಗುತ್ತದೆ, ಅವರು ಏನು ಮಾಡುತ್ತಾರೆ? ಈ ಕೊನೆಯ ಪ್ರಶ್ನೆಯನ್ನೇ ನೀವು ಆ ದಿನ ಕೇಳಿಕೊಳ್ಳಲಿಲ್ಲ.

ಅಭ್ಯಾಸಕ್ಕೆ ನಿಮ್ಮ ಕೈಯನ್ನೇ ಚೂರು ಬದಲಿಸಿ ನೋಡಿ. ಡೈಮಂಡ್ ಎಕ್ಕ, ರಾಣಿ, 6, 3 ಡಮ್ಮಿಯಲ್ಲಿ, ನಿಮ್ಮ ಕೈಯಲ್ಲಿ 8, 7, 4. ಉಳಿದದ್ದೆಲ್ಲ ಹಾಗೇ, ಸ್ಪೇಡ್ ಕೂಡ ಅದೇ 5-3. ಈಗಲೂ 8 ಟ್ರಿಕ್, ಅವೇ ಮೂರು ದಾರಿ. ಆದರೆ ಈಗ ಫಿನೆಸ್ ನಿಮ್ಮ ಕೈಯಿಂದ ಡಮ್ಮಿಯ ಕಡೆಗೆ. ಸೋತರೆ ಸರದಿ ಹೋಗುವುದು ಪೂರ್ವಕ್ಕೆ, ಅವರ ಬಳಿ ಸ್ಪೇಡ್ ಮುಗಿದಿದೆ. ಸ್ಪೇಡ್ ಎಕ್ಕ ಗೆದ್ದ ಕೂಡಲೇ ಫಿನೆಸ್ ಆಡಿ. ಗೆದ್ದರೆ ಒಂಬತ್ತು ಆಯಿತು. ಸೋತರೂ ಪೂರ್ವದವರು ಏನೇ ಆಡಲಿ, ಹಾರ್ಟ್ ಮತ್ತು ಕ್ಲಬ್‌ನ ಮೇಲಿನ ಎಲೆಗಳು ಇನ್ನೂ ನಿಮ್ಮವೇ, ಆ ಎರಡು ಪ್ರಯತ್ನ ಇನ್ನೂ ಬಾಕಿ ಇವೆ. ನೀವು ಆ ದಿನ ಆಡಿದ ಕ್ರಮ ಈ ಕೈಗೆ ಸರಿಯಾಗಿ ಹೊಂದುತ್ತದೆ.